ಮಂಗನ ಕಾಯಿಲೆ

‘ಕಾಯಿಲೆ’ ಅರಬ್ಬಿ ಮೂಲದ್ದು. ಜಡತೆ, ಆಲಸ್ಯ ಎಂಬರ್ಥದ ‘ಕಾಹಿಲಿ’ ಉರ್ದುವಿನ ದಾರಿಯಲ್ಲಿ ಬಂದು ನಮ್ಮಲ್ಲಿ ರೋಗವಾಯಿತು. ಅದಕ್ಕೆ ‘ಮಂಗ’ ಅಂಟಿಕೊಂಡದ್ದು 1957ರಲ್ಲಿ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಕಂಡದ್ದನ್ನೇ ಜನ ಹೆಸರಾಗಿಸಿದರು. ಆದರೆ ಕಂಡದ್ದು ಕಾರಣವಾಗಿರಲಿಲ್ಲ. ರೋಗ ತರುವುದು ಒಂದು ವೈರಸ್. ಅದನ್ನು ದಾಟಿಸುವುದು ಮಲೆನಾಡಿಗರು ಉಣುಗು ಎನ್ನುವ, ರಕ್ತ ಹೀರುವ ಸಣ್ಣ ಜೀವಿ. ಮಂಗವೂ ಅದರ ಕಡಿತಕ್ಕೆ ಸಿಕ್ಕಿ ಮನುಷ್ಯನಂತೆಯೇ ನರಳುತ್ತದೆ. ಪಾಪ, ಸಾವಿನ ಜೊತೆಗೆ ಅಪವಾದವೂ ಅದರ ಪಾಲಿಗೇ ಬಂತು.

ಹೆಸರು ಪೂರ್ತಿ ಸುಳ್ಳೇನಲ್ಲ ಎನ್ನಬಹುದು: ಸೋಂಕು ತಗಲಿದ ಮಂಗನ ರಕ್ತದಲ್ಲಿ ವೈರಸ್ ಹೆಚ್ಚುತ್ತದೆ, ಅದು ಸತ್ತಾಗ ಮೈಮೇಲಿನ ಉಣುಗುಗಳು ಸುತ್ತ ಉದುರುತ್ತವೆ, ಹಾಗಾಗಿ ಮಂಗನ ಸಾವು ಹಳ್ಳಿಗೆ ಎಚ್ಚರಿಕೆ. ಒಪ್ಪುವ ಮಾತೇ. ಆದರೂ ಎಚ್ಚರಿಕೆಯನ್ನೇ ಕಾರಣವೆಂದು ತಿಳಿದರೆ, ಸೌದೆಗೆ, ತರಗೆಲೆಗೆ ಕಾಡು ಹೊಕ್ಕವರು ಮರದ ಮೇಲೆ ಕಣ್ಣಿಟ್ಟು ಕಾಲಬುಡವನ್ನು ಮರೆಯುತ್ತಾರೆ. ಹಾಗೆಯೇ, ಕಾಡಿನಿಂದ ದೂರದ ನಗರದಲ್ಲಿ ಮನೆಯ ತಾರಸಿಗೆ ಬಂದ ಕೋತಿಯನ್ನು ಕಂಡು ಈ ಜ್ವರಕ್ಕೆ ಹೆದರಬೇಕಿಲ್ಲ. ಬೇಸಿಗೆ ರಜೆಗೆ ಮಲೆನಾಡಿನ ಕಾಡು ಸುತ್ತಿ ಬಂದ ಮೇಲೆ ಜ್ವರ ಹಿಡಿದರೆ ಮಾತ್ರ, ಆ ಓಡಾಟದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ.