ಮನೆಯಲ್ಲಿ ಕಲಿತ ಓದು: ಸ್ವೀಡನ್ನಿನ ಸಭಾಚರಿತ್ರೆಯಿಂದ ಒಂದು ಅಧ್ಯಾಯ

ಮಕ್ಕಳಿಗೆ ಓದು ಕಲಿಸುವುದು ಶಾಲೆಯ ಕೆಲಸವೆಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದುದರಿಂದ ಶಾಲೆಗಳೇ ವಿರಳವಾಗಿದ್ದ ಒಂದು ನಾಡಿನಲ್ಲಿ ಬಹುಪಾಲು ಜನರು ಓದಬಲ್ಲವರಾಗಿದ್ದರೆಂದರೆ ನಂಬುವುದು ಕಷ್ಟ. ಹದಿನೆಂಟನೆಯ ಶತಮಾನದ ಸ್ವೀಡನ್ ಅಂಥ ನಾಡು. ಪ್ರತಿ ಪ್ಯಾರಿಷಿನಲ್ಲಿಯೂ ಶಾಲೆ ಇರತಕ್ಕದ್ದೆಂಬ ಶಾಸನ ಅಲ್ಲಿ ಬಂದದ್ದು 1842ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಹಳ್ಳಿಯ ರೈತರೂ ಮನೆಯಾಳುಗಳೂ ಸ್ತ್ರೀಯರೂ ಮುದ್ರಿತ ಪುಸ್ತಕವನ್ನು ಓದುತ್ತಿದ್ದರು. ಅವರಿಗೆ ಕಲಿಸಿದ್ದು ಮನೆ, ಪರೀಕ್ಷಿಸಿದವನು ಸಭಾಪಾಲಕ. ಈ ಏರ್ಪಾಟು ಹೇಗೆ ನಡೆಯಿತು, ಅದನ್ನು ನಡೆಸಿದ ಸಭೆಗೆ ಏನಾಯಿತು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಇದರ ಬೇರು ಲೂಥರನಲ್ಲಿದೆ. ಸ್ಯಾಕ್ಸನಿಯ ಸಭೆಗಳನ್ನು ಸಂದರ್ಶಿಸಿದಾಗ ಅಲ್ಲಿನ ಜನರ, ಅವರ ಬೋಧಕರ ಕೂಡ, ಅಜ್ಞಾನವನ್ನು ಕಂಡು ಬೆಚ್ಚಿದ ಆತನು 1529ರಲ್ಲಿ ತನ್ನ ಕಿರಿಯ ಪ್ರಶ್ನೋತ್ತರಮಾಲೆಯನ್ನು ಪ್ರಕಟಿಸಿದನು. ಅದು ಮೊದಲು ಹೊರಬಂದದ್ದು ಗೋಡೆಗೆ ತೂಗುಹಾಕುವ ಹಾಳೆಗಳಾಗಿ. ಆಜ್ಞೆಗಳನ್ನೂ ವಿಶ್ವಾಸಪ್ರಮಾಣವನ್ನೂ ಕರ್ತನ ಪ್ರಾರ್ಥನೆಯನ್ನೂ ಮನೆಯ ಯಜಮಾನನು ತನ್ನವರಿಗೆ ಹೇಗೆ ಕಲಿಸಬೇಕೆಂಬುದೇ ಅದರ ಪ್ರತಿಯೊಂದು ಭಾಗದ ಶಿರೋನಾಮೆ. ಕಲಿಯಲೊಲ್ಲದವರನ್ನು ಸಂಸ್ಕಾರಕ್ಕೆ ಸೇರಿಸಬಾರದೆಂದು ಮುನ್ನುಡಿಯಲ್ಲಿ ಲೂಥರನು ನಿಷ್ಠುರವಾಗಿ ಹೇಳಿದ್ದಾನೆ. ಸ್ವೀಡನ್ನಿನವರು ಆ ಮಾತನ್ನು ಶಾಸನವನ್ನಾಗಿ ಮಾಡಿದರು.

ಹನ್ನೊಂದನೆಯ ಚಾರ್ಲ್ಸ್ ದೊರೆಯ ಕಾಲದ 1686ರ ಸಭಾಶಾಸನವು ಮಕ್ಕಳೂ ಸೇವಕರೂ ಓದಲು ಕಲಿತು, ದೇವರ ಆಜ್ಞೆಯನ್ನು ತಮ್ಮ ಸ್ವಂತ ಕಣ್ಣುಗಳಿಂದ ಕಾಣಬೇಕೆಂದು ವಿಧಿಸಿತು. ಪ್ರಶ್ನೋತ್ತರಮಾಲೆಯನ್ನು ಅರಿಯದವನಿಗೆ ಪ್ರಭುಭೋಜನವಿಲ್ಲ. ಪ್ರಭುಭೋಜನಕ್ಕೆ ಸೇರದವನಿಗೆ ವಿವಾಹವಿಲ್ಲ. ಮಕ್ಕಳ ಓದನ್ನು ಅಲಕ್ಷಿಸುವ ತಂದೆತಾಯಿಗಳಿಗೆ 1723ರ ರಾಜಾಜ್ಞೆಯು ದಂಡವನ್ನು ಗೊತ್ತುಮಾಡಿತು. ಆ ಹಣವು ಪ್ಯಾರಿಷಿನ ಬಡಮಕ್ಕಳ ಶಿಕ್ಷಣಕ್ಕೆ ಸಲ್ಲಬೇಕಾಗಿತ್ತು. ಕೃಪಾಸಾಧನವೆಂದು ನಾವು ಕರೆಯುವ ಸಂಸ್ಕಾರವು ಹೀಗೆ ಅಕ್ಷರಪರೀಕ್ಷೆಯ ಆಚೆಬದಿಗೆ ನಿಂತಿತು. ಓದಿನ ಲಾಭವನ್ನು ಮಾತ್ರ ಎಣಿಸಿ ಈ ಬಲಾತ್ಕಾರವನ್ನು ಮರೆಯುವ ಚರಿತ್ರಕಾರರೊಡನೆ ನಾವು ಒಪ್ಪಲಾರೆವು.

ಮನೆಯಲ್ಲಿ ಕಲಿಕೆ ನಡೆಯುತ್ತಿದ್ದ ಕ್ರಮವು ಗಮನಾರ್ಹವಾದದ್ದು. ಅಕ್ಷರಮಾಲೆಯ ಪುಸ್ತಕದಲ್ಲಿ ಅಕ್ಷರಗಳನ್ನು ಅನುಸರಿಸಿ ಬರುತ್ತಿದ್ದ ಪಾಠಗಳು ಕರ್ತನ ಪ್ರಾರ್ಥನೆ, ಆಜ್ಞೆಗಳು, ವಿಶ್ವಾಸಪ್ರಮಾಣ. ಮಗುವು ಇವುಗಳನ್ನು ಹಿರಿಯರ ಬಾಯಿಂದ ಕೇಳಿ ಮೊದಲೇ ಬಲ್ಲದು. ಕಿವಿಗೆ ಪರಿಚಿತವಾದ ಮಾತನ್ನು ಕಣ್ಣಿಗೆ ಪರಿಚಯಿಸುವುದೇ ಅಲ್ಲಿನ ಓದಿನ ಪಾಠ. ನಮ್ಮ ಐಗಳ ಮಠಗಳ ದಾರಿಯೇ ಬೇರೆ. ಅಲ್ಲಿ ಮಗುವು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತ ಓದಿಗೆ ಬರುತ್ತಿತ್ತು. ಸ್ವೀಡನ್ನಿನ ಮನೆಗಳಲ್ಲಿ ಬರೆಹವು ಕಡ್ಡಾಯವಾಗಿರಲಿಲ್ಲ. ಆದ್ದರಿಂದ ಓದಬಲ್ಲರೂ ಬರೆಯಲರಿಯದ ಜನರು ಅಲ್ಲಿ ತಲೆಮಾರುಗಟ್ಟಲೆ ಇದ್ದರು.

ವರ್ಷಕ್ಕೊಮ್ಮೆ ‘ಹೂಸ್‌ಫೋರ್‌ಹೋರ್’, ಅಂದರೆ ಮನೆವಿಚಾರಣೆ. ನೆರೆಹೊರೆಯ ಕುಟುಂಬಗಳು ಒಂದು ಮನೆಯಲ್ಲಿ ಕೂಡುತ್ತಿದ್ದವು, ಸಭಾಪಾಲಕನು ಬಂದು ಯಜಮಾನನಿಂದ ಹಿಡಿದು ಆಳುಮಗನವರೆಗೆ ಎಲ್ಲರನ್ನೂ ಪ್ರಶ್ನಿಸುತ್ತಿದ್ದನು, ಆಮೇಲೆ ಊಟ. ಪ್ರತಿಯೊಬ್ಬರ ಹೆಸರಿನ ಮುಂದೆ ದಫ್ತರದಲ್ಲಿ ಗುರುತು ಹಾಕಲಾಗುತ್ತಿತ್ತು. ಪುಸ್ತಕ ನೋಡಿ ಓದುವುದಕ್ಕೆ ಒಂದು ಅಂಕಣ, ಬಾಯಿಪಾಠಕ್ಕೆ ಇನ್ನೊಂದು. ಎಷ್ಟೋ ಕಡೆ ಗ್ರಹಿಕೆಗೆ ಮತ್ತೊಂದು. ಈ ದಫ್ತರಗಳು ಇಂದಿಗೂ ಉಳಿದಿವೆ. 1970ರ ದಶಕದಲ್ಲಿ ಉಮೆಯೋ ವಿಶ್ವವಿದ್ಯಾಲಯದ ಎಗಿಲ್ ಯೋಹಾನ್ಸನ್ ಅವುಗಳನ್ನು ಶೋಧಿಸಿ, ಓದಿನಲ್ಲಿ ಸ್ತ್ರೀಯರು ಪುರುಷರಿಗೆ ಹಿಂದೆ ಬಿದ್ದಿರಲಿಲ್ಲವೆಂಬುದನ್ನೂ ತೋರಿಸಿಕೊಟ್ಟರು.

ಅಂಕಣಗಳ ಈ ವಿಂಗಡಣೆಯಲ್ಲಿ ಆ ಸಭಾಪಾಲಕರ ಅನುಭವ ಅಡಗಿದೆ. ಬಾಯಿಪಾಠವಿರುವ ಮಗುವು ಪುಟದ ಮೇಲೆ ಬೆರಳಿಟ್ಟು ಸರಾಗವಾಗಿ ಒಪ್ಪಿಸಬಲ್ಲದು. ಅದು ಓದುತ್ತಿದೆಯೆಂದು ತಾಯಿಯೂ ನಂಬಬಹುದು. ಪರಿಚಯವಿಲ್ಲದ ಪುಟವನ್ನು ಮುಂದಿಟ್ಟಾಗಲೇ ನಿಜ ತಿಳಿಯುವುದು. ನಮ್ಮ ಸಭೆಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಎಷ್ಟೋ ಮಕ್ಕಳು ಕನ್ನಡ ಕೀರ್ತನೆಗಳನ್ನು ರೋಮನ್ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಅವರ ಕೈಗೆ ಕನ್ನಡ ಸತ್ಯವೇದವನ್ನು ಕೊಟ್ಟರೆ ಎರಡು ವಚನ ದಾಟುವುದಿಲ್ಲ. ಆರಾಧನೆಯಲ್ಲಿ ಕೇಳಿಬರುವ ಅವರ ಸ್ವರವು ನಮ್ಮನ್ನು ಸಂತೈಸುತ್ತದೆ. ಎರಡು ಅಂಕಣಗಳ ದಫ್ತರವನ್ನು ನಾವು ಇಟ್ಟಿದ್ದರೆ ಆ ಸಂತೈಕೆ ಉಳಿಯುತ್ತಿರಲಿಲ್ಲ.

ಮನೆವಿಚಾರಣೆಯ ಪದ್ಧತಿಯು ಕರಾವಳಿಯ ನಮ್ಮ ಹಿರಿಯ ಸಭೆಗಳಿಗೆ ಆ ರೂಪದಲ್ಲಿ ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ. 1834ರಲ್ಲಿ ಹೆಬಿಖ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದಾಗ ಅವರು ಆಶ್ರಯಿಸಬಹುದಾದ ಓದುಬಲ್ಲ ಕ್ರೈಸ್ತ ಮನೆಯೇ ಅವರ ಎದುರಿಗಿರಲಿಲ್ಲ. ಹೊಸ ವಿಶ್ವಾಸಿಗಳ ಮಕ್ಕಳು ಶಾಲೆಗೆ, ಎಷ್ಟೋ ಸಲ ವಸತಿಶಾಲೆಗೆ ಬಂದರು. ಹೀಗೆ ನಮ್ಮಲ್ಲಿ ಓದು ಮನೆಯಿಂದ ಹೊರಟು ಸಭೆಗೆ ಬರಲಿಲ್ಲ, ಶಾಲೆಯಿಂದ ಮನೆಗೆ ಬಂತು. ಮನೆಮಾತು ತುಳು, ಶಾಲೆಯ ಮಾತು ಕನ್ನಡ ಎಂಬ ತೊಡಕೂ ಇತ್ತು. 1841ರಲ್ಲಿ ಆರಂಭವಾದ ಮಿಷನ್ ಮುದ್ರಣಾಲಯವು ತುಳುವನ್ನು ಕನ್ನಡ ಲಿಪಿಯಲ್ಲಿಯೇ ಅಚ್ಚು ಹಾಕಿತು. ತುಳು ಹೊಸ ಒಡಂಬಡಿಕೆ 1847ರಲ್ಲಿ ಹೊರಬಂತು. ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತ ಹುಡುಗಿಯು ಅದೇ ಅಕ್ಷರಗಳಿಂದ ಅಕ್ಷರವರಿಯದ ತಾಯಿಗೆ ಮನೆಮಾತಿನಲ್ಲಿ ಸುವಾರ್ತೆಯನ್ನು ಓದಿ ಹೇಳಬಹುದಾಯಿತು. ಲೂಥರನ ಯಜಮಾನನ ಸ್ಥಾನದಲ್ಲಿ ಇಲ್ಲಿ ಮಗುವೇ ಕುಳಿತಿತು.

ಸ್ವೀಡನ್ನಿನ ಕಥೆಗೆ ಇನ್ನೊಂದು ಭಾಗವಿದೆ; ಸಭಾಪಾಲಕರಾಗಲಿರುವವರು ಅದನ್ನು ಅಲಕ್ಷಿಸಬಾರದು. ಅಧಿಕಾರಿಗಳು ಬಯಸಿದ್ದು ವಿಧೇಯವಾದ ಓದು. ಮನೆಯವರು ಕೂಡಿ ಓದಬಹುದು. ನೆರೆಯವರು ಬಂದು ಸೇರಿದರೆ ಅದು ಅಪಾಯ. ಭಕ್ತಿಪಂಥದವರ ಕೂಟಗಳಿಗೆ ಅಂಜಿದ ಸರ್ಕಾರವು 1726ರಲ್ಲಿ ಮನೆಯವರನ್ನು ಮೀರಿದ ಖಾಸಗಿ ಭಕ್ತಿಕೂಟಗಳನ್ನು ನಿಷೇಧಿಸಿತು. ಓದುವುದನ್ನು ಆಜ್ಞಾಪಿಸಿದ ರಾಜ್ಯವೇ, ಮೂರು ವರ್ಷಗಳ ಹಿಂದೆ ಅಲಕ್ಷ್ಯಕ್ಕೆ ದಂಡ ಹಾಕಿದ ರಾಜ್ಯವೇ, ಕೂಡಿ ಓದುವುದನ್ನು ಅಪರಾಧವೆಂದಿತು.

ಆದರೆ ಓದು ಆ ಗೋಡೆಯೊಳಗೆ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಉತ್ತರ ಸ್ವೀಡನ್ನಿನ ರೈತರ ನಡುವೆ ಎದ್ದ ಉಜ್ಜೀವನಕ್ಕೆ ಜನರು ಇಟ್ಟ ಹೆಸರು ‘ಲೆಸಾರೆ’, ಎಂದರೆ ಓದುಗರು. ಅವರು ಲೂಥರನ ಬರೆಹಗಳನ್ನು ಮನೆಯಲ್ಲಿ ಓದಿದ್ದರು. 1811ರ ಹೊಸ ಆರಾಧನಾವಿಧಿ, 1819ರ ಹೊಸ ಕೀರ್ತನೆಪುಸ್ತಕ ಕೈಗೆ ಬಂದಾಗ, ಹಳೆಯದರೊಡನೆ ಹೋಲಿಸಿ ನೋಡಿ, ಬೋಧನೆ ತೆಳುವಾಗಿದೆಯೆಂದು ಅವರಲ್ಲಿ ಅನೇಕರು ಹೊಸದನ್ನು ತಿರಸ್ಕರಿಸಿದರು. ಅವರ ತೀರ್ಪೆಲ್ಲ ಸರಿಯೆಂದು ನಾವು ಹೇಳುವುದಿಲ್ಲ. ಅವರಲ್ಲಿ ಕೆಲವರ ಕಾಠಿಣ್ಯವು ಸಭೆಯನ್ನು ಒಡೆಯಿತು. ಆದರೂ ಸಭಾಪಾಲಕನನ್ನು ಎದುರಿಸಿದ ಈ ಓದು, ಸಭಾಪಾಲಕರೇ ಮನೆಮನೆಗೆ ಹೋಗಿ ಪರೀಕ್ಷಿಸಿ ಗುರುತು ಹಾಕಿದ ಓದಾಗಿತ್ತು. ದೇವರ ಆಜ್ಞೆಯನ್ನು ಸ್ವಂತ ಕಣ್ಣಿನಿಂದ ಕಾಣಬೇಕೆಂದವರು, ಕಂಡವರ ಮೇಲೆ ಮೊಕದ್ದಮೆ ಹೂಡಿದರು. ಕೂಟಗಳನ್ನು ನಿಷೇಧಿಸಿದ ಆಜ್ಞೆಯು ರದ್ದಾದದ್ದು 1858ರಲ್ಲಿ, ಹಳ್ಳಿಗಳಿಗೆ ಶಾಲೆಯ ಶಾಸನ ಬಂದು ಹದಿನಾರು ವರ್ಷಗಳಾದ ಮೇಲೆ.