ಕಾಕಾ ಕಾಫಿ ಕುಡಿದ ಹೋಟೆಲು

ನನ್ನ ಹಳೆಯ ವಿದ್ಯಾರ್ಥಿಗಳು ಆಫ್ರಿಕಾ ಖಂಡದ ಪಾಠವನ್ನು ಮರೆತಿರಲಿಕ್ಕಿಲ್ಲ. ನಕಾಶೆಯಲ್ಲಿ ಮೊಂಬಾಸಾ ಬಂದರಿನ ಮೇಲೆ ಕೋಲನ್ನಿಟ್ಟು ‘ನಮ್ಮ ಕಾಕಾ ಹಡಗಿನಿಂದ ಇಳಿದದ್ದು ಇಲ್ಲಿಯೇ’ ಎಂದು ಹೇಳದೆ ನಾನು ಮುಂದೆ ಹೋಗುತ್ತಿರಲಿಲ್ಲ. ಮೂವತ್ತು ವರ್ಷ ಹೀಗೆ ಹೇಳಿದವನು ಆ ನೆಲವನ್ನು ಮೆಟ್ಟಿದ್ದು ಮಾತ್ರ ನಿವೃತ್ತನಾದ ಮೇಲೆ, ಅಳಿಯನಿಗೆ ನೈರೋಬಿಯಲ್ಲಿ ಕೆಲಸ ದೊರೆತ ಕಾರಣದಿಂದ.

ಕಾಕಾ ಸವಣೂರಿನಲ್ಲಿ ಕಾರಕೂನರಾಗಿದ್ದರು. 1948ರಲ್ಲಿ ನವಾಬರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಂದೇನು ಎಂಬ ಚಿಂತೆಯಲ್ಲಿ ಎರಡು ವರ್ಷ ಕಳೆದು, ಮುಂಬಯಿಯಲ್ಲಿ ಪರಿಚಯವಾದ ಗುಜರಾತಿ ವ್ಯಾಪಾರಿಯೊಬ್ಬರ ಮಾತು ಕೇಳಿ ‘ಕರಂಜಾ’ ಎಂಬ ಹಡಗನ್ನು ಹತ್ತಿದರು. ಅವರಿಗಿಂತ ಅರ್ಧ ಶತಮಾನ ಮೊದಲೇ, 1896ರಿಂದ 1901ರವರೆಗೆ, ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾದಿ ಹಾಕಲು ಬ್ರಿಟಿಷರು ಮೂವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಒಯ್ದಿದ್ದರು. ಅವರಲ್ಲಿ ಸುಮಾರು ಎರಡೂವರೆ ಸಾವಿರ ಜನ ಅಲ್ಲಿಯೇ ಸತ್ತರು. ನೈರೋಬಿ ನಗರವೇ 1899ರಲ್ಲಿ ಈ ರೈಲಿನವರು ಹಾಕಿದ ಬಿಡಾರದಿಂದ ಹುಟ್ಟಿದ್ದು. ಕೂಲಿಗಳ ಹಿಂದೆ ಅಂಗಡಿಕಾರರೂ ಗುಮಾಸ್ತರೂ ಹೋದರು. ಕಾಕಾ ಆ ಸಾಲಿನ ಕೊನೆಯಲ್ಲಿದ್ದವರು.

ವಸಾಹತಿನ ಸಮಾಜ ಮೂರು ಅಂತಸ್ತಿನದಾಗಿತ್ತು: ಮೇಲೆ ಯುರೋಪಿಯನ್ನರು, ನಡುವೆ ಏಷ್ಯನ್ನರು, ಕೆಳಗೆ ಆ ನೆಲದ ಮಕ್ಕಳು. 1948ರ ಹೋಮ್ಸ್ ಆಯೋಗವು, ಒಂದೇ ಬಗೆಯ ಸರ್ಕಾರಿ ಹುದ್ದೆಯಲ್ಲಿದ್ದರೂ ಏಷ್ಯನ್ನನಿಗೆ ಯುರೋಪಿಯನ್ನನ ಸಂಬಳದ ಐದರಲ್ಲಿ ಮೂರು ಪಾಲು ಸಾಕೆಂದು ಶಿಫಾರಸು ಮಾಡಿತು. (ಭಿನ್ನರಾಶಿ ಕಲಿಸಲು ಇದಕ್ಕಿಂತ ಕಟುವಾದ ಉದಾಹರಣೆ ನನಗೆ ಸಿಕ್ಕಿಲ್ಲ.) ವಸತಿಯ ಬಡಾವಣೆ, ಶಾಲೆ, ಆಸ್ಪತ್ರೆ ಎಲ್ಲದರಲ್ಲಿಯೂ ಇದೇ ವಿಂಗಡಣೆ. ಬಿಳಿಯರ ದೊಡ್ಡ ಹೋಟೆಲುಗಳೂ ಇದಕ್ಕೆ ಹೊರತಾಗಿರಲಿಲ್ಲ. ಕಾಕಾ ತಂದೆಯವರಿಗೆ ಬರೆದ ನೀಲಿ ಬಣ್ಣದ ಕಾಗದಗಳು ನನ್ನ ಪೆಟ್ಟಿಗೆಯಲ್ಲಿವೆ. ಒಂದರಲ್ಲಿ, ‘ಡೆಲಮೇರ್ ಅವೆನ್ಯೂದಲ್ಲಿ ಭಾರೀ ಹೋಟೆಲೊಂದಿದೆ, ದಿನವೂ ಎದುರಿನ ಬದಿಯಿಂದ ಹಾಯುತ್ತೇನೆ’ ಎಂದಿದೆ. ಅಷ್ಟೇ, ದೂರು ಏನೂ ಇಲ್ಲ. ಎದುರಿನ ಬದಿಯಿಂದ ಏಕೆ ಎಂಬುದು ನನಗೆ ಅರ್ಥವಾಗಲು ಇತಿಹಾಸದ ಪುಸ್ತಕಗಳನ್ನು ಓದಬೇಕಾಯಿತು.

ಅದು ಸ್ಟ್ಯಾನ್ಲಿ ಹೋಟೆಲು. 1902ರಲ್ಲಿ ಮೇಯನ್ಸ್ ಬೆಂಟ್ ಎಂಬ ಮಹಿಳೆ ಇದನ್ನು ಆರಂಭಿಸಿದರು. 1905ರಲ್ಲಿ ಬೆಂಕಿಗೆ ಆಹುತಿಯಾಗಿ, 1913ರಲ್ಲಿ ಈಗಿನ ಜಾಗಕ್ಕೆ ಬಂದಾಗ ‘ನ್ಯೂ ಸ್ಟ್ಯಾನ್ಲಿ’ ಎಂಬ ಹೆಸರು ಪಡೆಯಿತು. 1959ರಲ್ಲಿ ಅದರ ಮಗ್ಗುಲಿಗೆ ಥಾರ್ನ್ ಟ್ರೀ ಕೆಫೆ ತೆರೆಯಿತು. ನಡುವೆ ಒಂದು ಜಾಲಿಯ ಜಾತಿಯ ಮುಳ್ಳುಮರ. ಕಾಡುಮೇಡು ಸುತ್ತಿ ಬಂದ ಪ್ರವಾಸಿಗರು ಗೆಳೆಯರಿಗಾಗಿ ಚೀಟಿ ಬರೆದು ಅದರ ಕಾಂಡಕ್ಕೆ ಚುಚ್ಚುತ್ತಿದ್ದರಂತೆ.

1963ರ ಡಿಸೆಂಬರ್ 12ರಂದು ಕೆನ್ಯಾ ಸ್ವತಂತ್ರವಾಯಿತು. ಮರುವರ್ಷದ ಕಾಗದವೊಂದರಲ್ಲಿ ಕಾಕಾ ಬರೆಯುತ್ತಾರೆ: ‘ನಿನ್ನೆ ಸಂಬಳದ ದಿನ. ರಸ್ತೆ ದಾಟಿ ಹೋಗಿ ಮುಳ್ಳುಮರದ ಕೆಳಗೆ ಕುಳಿತು ಕಾಫಿ ಕುಡಿದೆ. ವಹಿನಿ ಮಾಡುವ ಕಾಫಿಯಷ್ಟು ರುಚಿಯಿಲ್ಲ. ಆದರೂ ಒಂದು ತಾಸು ಕುಳಿತೆ.’ ವಹಿನಿ ಎಂದರೆ ನನ್ನ ತಾಯಿ.

ನಾನು ಹೋದಾಗ ಆ ಹೋಟೆಲು ಹಲವು ಬಾರಿ ನವೀಕರಣಗೊಂಡಿತ್ತು. ಒಡೆತನವೂ ಕೈ ಬದಲಾಗಿ ಸರೋವಾ ಸಮೂಹಕ್ಕೆ ಬಂದಿದೆ. ಹೊಳೆಯುವ ಕಲ್ಲಿನ ನೆಲ, ಕಂಬಗಳು, ಹಳೆಯ ಕಾಲವನ್ನು ನೆನಪಿಸಲೆಂದೇ ಮಾಡಿದ ಮರದ ಕೆತ್ತನೆ. ಹೆಮಿಂಗ್ವೇ ಇಲ್ಲಿ ತಂಗಿದ್ದನ್ನು ಅಭಿಮಾನದಿಂದ ಹೇಳುತ್ತಾರೆ. ಮರವೂ ಆಗಿನದಲ್ಲ, ಹಳೆಯದು ಹೋಗಿ ಹೊಸದು ಬಂದಿದೆ. ಡೆಲಮೇರ್ ಹೆಸರಿನ ಬೀದಿ ಈಗ ಕೆನ್ಯಾಟಾ ಅವೆನ್ಯೂ. ಪಕ್ಕದ ಹಾರ್ಡಿಂಜ್ ಬೀದಿ ಕಿಮಾಥಿ ಬೀದಿಯಾಗಿದೆ. 1957ರಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಮಾವು ಮಾವು ಹೋರಾಟಗಾರ ದೇದಾನ್ ಕಿಮಾಥಿಯ ಪ್ರತಿಮೆ 2007ರಿಂದ ಆ ಬೀದಿಯಲ್ಲಿ ನಿಂತಿದೆ. ಹೋಟೆಲಿನ ಅಲಂಕಾರಕ್ಕಿಂತ ಈ ಬದಲಾವಣೆ ನನಗೆ ಹೆಚ್ಚು ಹಿಡಿಸಿತು. ಕಾಫಿ ಮಾತ್ರ ಚೆನ್ನಾಗಿತ್ತು. ಶ್ರೀಮತಿಯವರು ಬೆಲೆ ನೋಡಿ ಅರ್ಧ ಕಪ್ಪು ಸಾಕೆಂದರು.

ಸ್ವಾತಂತ್ರ್ಯವು ಕಾಕಾನಿಗೆ ಮೇಜನ್ನು ಕೊಟ್ಟಿತು, ಹೆಚ್ಚು ವರ್ಷ ಕೂಡಲು ಬಿಡಲಿಲ್ಲ. 1967ರ ಕಾನೂನು ಪೌರರಲ್ಲದವರಿಗೆ ಕೆಲಸದ ಪರವಾನಿಗೆಯನ್ನು ಕಡ್ಡಾಯ ಮಾಡಿತು. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದ ನೆರೆಹೊರೆಯವರು, 1968ರ ಮಾರ್ಚಿನಲ್ಲಿ ಲಂಡನ್ನಿನ ಬಾಗಿಲು ಮುಚ್ಚುವ ಮೊದಲೇ ಹಾರಿ ಹೋದರು. ಭಾರತದ ಪೌರತ್ವವನ್ನು ಬಿಡದಿದ್ದ ಕಾಕಾ ಅದೇ ವರ್ಷ ಸವಣೂರಿಗೆ ಮರಳಿದರು. ಕೆನ್ಯಾದವರ ಪಾಲಿಗೆ ಅದು ತಮ್ಮ ನೆಲದ ಕೆಲಸ ತಮ್ಮವರಿಗೆ ಎಂಬ ನ್ಯಾಯ. ಕಾಕಾ ಕೂಡ ಅದನ್ನು ಎಂದೂ ಅನ್ಯಾಯವೆನ್ನಲಿಲ್ಲ. ಆಗ ನನಗೆ ಎಂಟು ವರ್ಷ. ಅವರು ನನ್ನನ್ನು ಮೊದಲು ಕರೆದೊಯ್ದದ್ದು ಕಲ್ಮಠದ ದೊಡ್ಡ ಹುಣಸೆಮರಗಳ ಬಳಿಗೆ. ಹೆಸರು ಹುಣಸೆ, ಜಾತಿ ಮಾತ್ರ ಆಫ್ರಿಕಾದ ಬಾವೊಬಾಬ್ ಎಂಬುದು ನಿಮಗೆಲ್ಲ ಗೊತ್ತು. ಕಾಂಡಕ್ಕೆ ಕೈಯಿಟ್ಟು ‘ಮ್ಬುಯು’ ಎಂದರು. ಅದು ಸ್ವಾಹಿಲಿ ಭಾಷೆಯ ಹೆಸರು. ಆ ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಎತ್ತಿ ನಿಲ್ಲಿಸಿದರು.

ನೈರೋಬಿಯಿಂದ ಮೊಂಬಾಸಾಕ್ಕೆ ನಾವು ಹೋದದ್ದು 2017ರಲ್ಲಿ ಆರಂಭವಾದ ಹೊಸ ರೈಲಿನಲ್ಲಿ. ಕಾಕಾನ ಕಾಲದಲ್ಲಿ ಒಂದು ರಾತ್ರಿ ಹಿಡಿಯುತ್ತಿದ್ದ ಹಾದಿ ಈಗ ಐದಾರು ತಾಸಿನದು. ತ್ಸಾವೊ ದಾಟುವಾಗ ಒಣಭೂಮಿಯಲ್ಲಿ ಅಲ್ಲೊಂದು ಇಲ್ಲೊಂದು ದಪ್ಪ ಕಾಂಡದ ಮರಗಳು ಕಾಣತೊಡಗಿದವು. ಶ್ರೀಮತಿಯವರು ಕಿಟಕಿಯತ್ತ ಬಾಗಿ, ‘ಅಯ್ಯ, ದೊಡ್ಡ ಹುಣಸಿ ನೋಡ್ರಿ!’ ಎಂದು ಕೂಗಿದರು. ಎದುರು ಕುಳಿತ ಹೆಣ್ಣುಮಗಳು ನಕ್ಕು ‘ಮ್ಬುಯು’ ಎಂದಳು.