ಕಲ್ಲಿನ ರಥದ ಕಳೆದುಹೋದ ಶಿಖರ



2017ರಲ್ಲಿ ಚಲಾವಣೆಗೆ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥದ ಚಿತ್ರವಿರುವುದನ್ನು ತಾವು ಕಂಡಿದ್ದೀರಿ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಆ ರಥವು ವಾಸ್ತವವಾಗಿ ಗರುಡನಿಗಾಗಿ ಕಟ್ಟಿದ ಗುಡಿ. ನೋಟಿನ ಚಿತ್ರದಲ್ಲಿರುವಂತೆಯೇ ಅದರ ನೆತ್ತಿಯು ಇಂದು ಬೋಳಾಗಿದೆ. ಆದರೆ ಒಂದು ಕಾಲದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿತ್ತು. ಇದು ನಮಗೆ ತಿಳಿದದ್ದು ಹೇಗೆ? 1856ರಲ್ಲಿ ತೆಗೆದ ಒಂದು ಛಾಯಾಚಿತ್ರದಿಂದ.

ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು ಆ ವರ್ಷ ಹಂಪೆಯ ಅವಶೇಷಗಳ ಛಾಯಾಚಿತ್ರಗಳನ್ನು ತೆಗೆದನು. ಛಾಯಾಗ್ರಹಣ ವಿದ್ಯೆಯು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಆಗ ಅದಕ್ಕೆ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಮೇಣ ಸವರಿದ ದೊಡ್ಡ ಕಾಗದವನ್ನು ಬೆಳ್ಳಿಯ ಲವಣದಿಂದ ಸಂಸ್ಕರಿಸಿ, ಬಿಸಿಲಿನಲ್ಲಿ ಬಹಳ ಹೊತ್ತು ಪೆಟ್ಟಿಗೆಯನ್ನು ಅಲುಗದಂತೆ ನಿಲ್ಲಿಸಿ ಪಡೆಯಬೇಕಾಗಿದ್ದ ಚಿತ್ರಗಳವು. ಅನಂತರದ ದಶಕಗಳಲ್ಲಿ ರಥದ ಶಿಖರವು ಇಲ್ಲವಾಯಿತು. ಆ ಕಾಗದದ ಪ್ರತಿಗಳೂ ಬಹುಕಾಲ ಮರೆಯಲ್ಲಿಯೇ ಇದ್ದು, 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಕಲ್ಲಿಗಿಂತ ಕಾಗದವೇ ಹೆಚ್ಚು ಬಾಳಿತೆಂಬುದು ಎಂತಹ ವಿಪರ್ಯಾಸ!

ಇದೇ ವಿಜಯನಗರವು ನಮಗೆ ಇನ್ನೊಂದು ಕಾರಣದಿಂದಲೂ ಪೂಜ್ಯವಾದುದು. ಪ್ರೌಢದೇವರಾಯನ ಆಳ್ವಿಕೆಯಲ್ಲಿ (1424–1446) ಲಕ್ಕಣ್ಣ ದಂಡೇಶನಂತಹ ಶಿವಭಕ್ತರ ಆಶ್ರಯವೂ ನೂರೊಂದು ವಿರಕ್ತರ ಪರಿಶ್ರಮವೂ ಕೂಡಿ, ಚದುರಿಹೋಗಿದ್ದ ವಚನವಾಙ್ಮಯಕ್ಕೆ ಮರುಜೀವ ಬಂದಿತೆಂಬುದು ನಮ್ಮ ಪರಂಪರೆಯ ನಂಬಿಕೆ. ಅಂದು ಅವರ ಕೈಯಲ್ಲಿದ್ದುದು ತಾಳೆಯೋಲೆ ಮತ್ತು ಕಂಠ ಮಾತ್ರ. ಓಲೆ ಜೀರ್ಣವಾದಾಗ ಹೊಸ ಓಲೆಯ ಮೇಲೆ ಮತ್ತೆ ಬರೆಯುವುದೇ ಸಂರಕ್ಷಣೆಯಾಗಿತ್ತು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರ ಕೈಗೆ ದೊರೆತದ್ದು ನಮಗೆ ಉಳಿಯಿತು. ದೊರೆಯದೆ ಹೋದದ್ದರ ಲೆಕ್ಕವನ್ನು ಇಟ್ಟವರಾರು?

ಇಲ್ಲಿ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ನಾವು ಬಾಲ್ಯದಲ್ಲಿ ಮಠದ ವಿದ್ಯಾರ್ಥಿಯಾಗಿದ್ದಾಗ, ಒಂದು ಹಳ್ಳಿಯ ಭಕ್ತರ ಮನೆಯಲ್ಲಿ ದೇವರ ಜಗಲಿಯ ಮೇಲೆ ಓಲೆಕಟ್ಟೊಂದಿತ್ತು. ಮಹಾನವಮಿಯಂದು ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ ಪೂಜಿಸುತ್ತಿದ್ದರು, ಬಿಚ್ಚಿ ಓದಿದವರಿರಲಿಲ್ಲ. ಹುಳು ಹಿಡಿದು ಪುಡಿಯಾಗತೊಡಗಿದಾಗ, ಕಾಲ್ತುಳಿತಕ್ಕೆ ಸಿಕ್ಕಬಾರದೆಂಬ ಭಕ್ತಿಯಿಂದ ಅದನ್ನು ಹೊಳೆಗೆ ಬಿಟ್ಟರು. ಆ ಕಟ್ಟನ್ನು ಹೊಳೆಯವರೆಗೆ ಹೊತ್ತವರಲ್ಲಿ ನಾವೂ ಒಬ್ಬರು. ಅದರಲ್ಲಿ ಏನಿತ್ತೆಂಬುದು ಇನ್ನೆಂದಿಗೂ ತಿಳಿಯುವಂತಿಲ್ಲ. ಅಂದು ಒಂದು ಕ್ಯಾಮೆರಾ ಇದ್ದಿದ್ದರೆ ಎಂದು ಇಂದಿಗೂ ಮನಸ್ಸು ಮರುಗುತ್ತದೆ.

ಇಂದು ಆ ಸಾಧನವು ಬಹುಮಟ್ಟಿಗೆ ಎಲ್ಲರ ಕೈಯಲ್ಲಿದೆ. ಡಿಜಿಟಲ್ ಛಾಯಾಗ್ರಹಣದಿಂದ ಓಲೆಯನ್ನು ಮನೆಯಿಂದ ಹೊರಗೆ ಒಯ್ಯದೆಯೇ ಅದರ ಪ್ರತಿಯನ್ನು ಪಡೆಯಬಹುದು. ಕಂದಿ ಕಪ್ಪಾದ ಓಲೆಗಳಲ್ಲಿಯೂ, ಕಂಠದಿಂದ ಕೊರೆದ ಗೆರೆಗಳಲ್ಲಿ ತುಂಬಿದ ಮಸಿಯು ಅವಗೆಂಪು ಕಿರಣಗಳ ಚಿತ್ರದಲ್ಲಿ ಅನೇಕ ವೇಳೆ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಸವೆದ ಶಿಲಾಶಾಸನದ ಮೇಲೆ ಬದಿಯಿಂದ ಓರೆಯಾಗಿ ಬೆಳಕು ಬೀಳಿಸಿದರೆ ಅಕ್ಷರದ ಆಳವು ನೆರಳಾಗಿ ಮೂಡುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಆ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಕಾರ್ಯವನ್ನು ಕೈಗೊಂಡಿದೆ. ಬಿ. ಎಲ್. ರೈಸ್ ಅವರು ನೂರು ವರ್ಷಗಳಿಗೂ ಹಿಂದೆ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಪ್ರಕಟಿಸಿದ ಶಾಸನಗಳಲ್ಲಿ ಎಷ್ಟೋ ಕಲ್ಲುಗಳು ನಗರದ ಬೆಳವಣಿಗೆಯಲ್ಲಿ ಕಣ್ಮರೆಯಾದುದನ್ನು ನೆನೆದರೆ, ಈ ಕಾರ್ಯದ ಮಹತ್ವವು ತಾನೇ ಮನವರಿಕೆಯಾಗುತ್ತದೆ.

ಆದರೂ ಎರಡು ಎಚ್ಚರಿಕೆಗಳು ಅವಶ್ಯ. ಚಿತ್ರವು ಸಾಕ್ಷಿಯೇ ಹೊರತು ಮೂಲವಲ್ಲ. ಚಿತ್ರ ತೆಗೆದಾಯಿತೆಂದು ಮೂಲವನ್ನು ಕಡೆಗಣಿಸುವುದು ಸಲ್ಲದು. ಎರಡನೆಯದಾಗಿ, ವಿದ್ಯುತ್ತಾಗಲಿ ಯಂತ್ರವಾಗಲಿ ಇಲ್ಲದೆಯೇ ಓಲೆಯು ಶತಮಾನಗಳ ಕಾಲ ಬಾಳುತ್ತದೆ. ಯಂತ್ರದಲ್ಲಿ ಇಟ್ಟ ಚಿತ್ರವಾದರೋ ಕೆಲವೇ ವರ್ಷಗಳಲ್ಲಿ ಕೆಟ್ಟುಹೋಗಬಹುದು. ಆದುದರಿಂದ ಪ್ರತಿಯನ್ನು ಎರಡು ಮೂರು ಕಡೆ ಇರಿಸಿ, ಕಾಲಕಾಲಕ್ಕೆ ಹೊಸ ಸಾಧನಕ್ಕೆ ವರ್ಗಾಯಿಸುತ್ತಿರಬೇಕು. ಹಿಂದಿನವರು ಜೀರ್ಣವಾದ ಓಲೆಯನ್ನು ಹೊಸ ಓಲೆಗೆ ಇಳಿಸುತ್ತಿದ್ದ ಧರ್ಮವೇ ಇದು. ಸಾಧನ ಮಾತ್ರ ಬೇರೆ.

ಭಕ್ತರೇ, ಈ ಮಠದಲ್ಲಿ ಓದಿ ಹೋದ ವಿದ್ಯಾರ್ಥಿಗಳೇ, ತಮ್ಮ ಮನೆಯ ಅಟ್ಟದಲ್ಲಿ, ಜಗಲಿಯಲ್ಲಿ, ಊರಿನ ಮಠದ ಪೆಟ್ಟಿಗೆಯಲ್ಲಿ ಓಲೆಕಟ್ಟು, ತಾಮ್ರಪಟ, ಹಳೆಯ ಕಡತಗಳಿದ್ದರೆ, ಬಲ್ಲವರನ್ನು ಕರೆಸಿ ಮೆಲ್ಲಗೆ ಬಿಚ್ಚಿಸಿರಿ. ಪ್ರತಿಯೊಂದು ಗರಿಯ ಎರಡೂ ಬದಿಯ ಚಿತ್ರ ತೆಗೆಸಿರಿ. ಊರು, ಮನೆತನ, ಗರಿಗಳ ಸಂಖ್ಯೆ, ಚಿತ್ರ ತೆಗೆದ ದಿನ ಇವನ್ನು ಬರೆದಿಡಿರಿ. ವಿವರವಿಲ್ಲದ ಚಿತ್ರವು ಹೆಸರಿಲ್ಲದ ಸಮಾಧಿಯಂತೆ. ಮೂಲವನ್ನು ಮತ್ತೆ ಶುಭ್ರವಾದ ಬಟ್ಟೆಯಲ್ಲಿ ಕಟ್ಟಿ ತಮ್ಮಲ್ಲಿಯೇ ಇರಿಸಿಕೊಳ್ಳಿರಿ; ಅದು ತಮ್ಮ ಮನೆತನದ ಸ್ವತ್ತು.

ಕಲ್ಲಿನ ರಥದ ಶಿಖರವನ್ನು ಮತ್ತೆ ತರಲಾಗದು. ಶರಣರ ನುಡಿಗಾದರೂ ಆ ಗತಿ ಬಾರದಿರಲಿ. ಈ ಕಾರ್ಯದಲ್ಲಿ ತೊಡಗುವ ಸರ್ವರಿಗೂ ಗುರುಕೃಪೆಯು ಬೆಂಗಾವಲಾಗಿರಲೆಂದು ಹಾರೈಸುತ್ತೇವೆ.